ಮಾವನ ಚೀನಾ ಸಹವಾಸ

ನಮ್ಮ ಮಾವನಿಗೆ ಚೀನಾದಲ್ಲಿ ಇರುವಷ್ಟು ಪರಿಚಯದವರು ಮೈಸೂರಿನಲ್ಲಿಲ್ಲ. ಅವರು ಚೀನಾಕ್ಕೆ ಹೋದವರೇ ಎಂದು ಕೇಳಬೇಡಿ, ಹೋಗಿಲ್ಲ. ಚೀನೀ ಭಾಷೆ ಬರುತ್ತದೆಯೇ ಎಂದೂ ಕೇಳಬೇಡಿ. ಬರುವುದು ಮೂರೇ ಪದ, ಅದರಲ್ಲಿ ಎರಡು ತಿಂಡಿಯ ಹೆಸರು! ಆದರೂ ಕೊರೊನಾದ ಆ ಎರಡು ವರ್ಷ ಆ ದೇಶದ ವ್ಯಾಪಾರ ಮುಳುಗದಂತೆ ಹಿಡಿದು ನಿಲ್ಲಿಸಿದವರಲ್ಲಿ ತಾವೂ ಒಬ್ಬರು ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮದುವೆಯ ಗೋಜಿಗೆ ಹೋಗದೆ, ಇಪ್ಪತ್ತು ವರ್ಷಗಳ ಹಿಂದೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹಿಡಿದು ಮಲೇಷ್ಯಾಕ್ಕೆ ಬಂದು ರಾಜಧಾನಿಯ ಅಂಚಿನ ಪುಚೊಂಗಿನ ಒಂದು ಫ್ಲ್ಯಾಟಿನಲ್ಲಿ ನೆಲೆ ನಿಂತವರು. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಉದ್ಯೋಗವಾದ್ದರಿಂದಲೋ ಏನೋ, ಮನುಷ್ಯರ ಜೊತೆ ಮಾತೆಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಲಿಫ್ಟಿನಲ್ಲಿ ಯಾರಾದರೂ ಮುಗುಳ್ನಕ್ಕರೆ ಮುಂದಿನ ಮಹಡಿಯಲ್ಲೇ ಇಳಿದು ಉಳಿದದ್ದನ್ನು ಮೆಟ್ಟಿಲು ಹತ್ತಿಕೊಂಡು ಹೋಗುವ ಪೈಕಿ! ಫೋನು ಎತ್ತುತ್ತಿರಲಿಲ್ಲ. ತಾವಾಗಿ ಮಾಡುತ್ತಿದ್ದುದು ದಿನಕ್ಕೊಂದೇ ಕರೆ. ಅದು ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದ ಅಜ್ಜಿಗೆ, ಎಂದರೆ ಅವರ ತಾಯಿಗೆ.

ಮೊದಲ ಲಾಕ್‌ಡೌನಿನಲ್ಲಿ ಅಜ್ಜಿ ತೀರಿಕೊಂಡರು. ವಿಮಾನಗಳೆಲ್ಲ ನಿಂತುಹೋಗಿದ್ದವು, ಮಾವನಿಗೆ ಹೋಗಲಾಗಲಿಲ್ಲ. ನಾನು ಇದೇ ಊರಿನ ಇನ್ನೊಂದು ಮೂಲೆಯಲ್ಲಿ, ಮಾಂಟ್ ಕಿಯಾರಾದಲ್ಲಿದ್ದೆ. ಆದರೆ ಮನೆಯಿಂದ ಹತ್ತು ಕಿಲೋಮೀಟರ್ ದಾಟುವಂತಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಪೊಲೀಸರು. ಹೋಗಿ ಪಕ್ಕದಲ್ಲಿ ಸುಮ್ಮನೆ ಕೂತು ಬರುವುದಕ್ಕೂ ಆಗಲಿಲ್ಲ. ನನ್ನ ಗಂಡನೂ ಆಫೀಸಿನ ಕೆಲಸಕ್ಕೆಂದು ಸಿಂಗಪುರಕ್ಕೆ ಹೋದವನು ಗಡಿ ಮುಚ್ಚಿ ಅಲ್ಲೇ ಸಿಕ್ಕಿಬಿದ್ದಿದ್ದ. ಒಬ್ಬಳಿಗೆ ಅನ್ನ ಮಾಡಲು ಎಷ್ಟು ಅಕ್ಕಿ ಹಾಕಬೇಕೆಂದು ನಾನು ಕಲಿತದ್ದು ಆಗಲೇ.

ಅಮ್ಮ ಮೈಸೂರಿನಿಂದ ಫೋನಿನಲ್ಲಿ ಅಳುತ್ತಾ ಹೇಳಿದಳು: "ಅಣ್ಣ ಅಳ್ಲೇ ಇಲ್ಲ ಕಣೇ. ವಿಡಿಯೋದಲ್ಲಿ ಎಲ್ಲಾ ನೋಡ್ದ, ಆಫೀಸಲ್ಲಿ ಮೀಟಿಂಗಿದೆ ಅಂತ ಕಟ್ ಮಾಡ್ದ. ನಂಗದೇ ಭಯ. ಒಬ್ನೇ ಇದ್ದೂ ಇದ್ದೂ ತಲೆಗಿಲೆ ಕೆಟ್ರೆ ಏನ್ ಮಾಡೋದು? ನೀನಾದ್ರೂ ಒಂದು ಕಣ್ಣಿಟ್ಟಿರು."

ಫೋನೇ ಎತ್ತದವರ ಮೇಲೆ ಕಣ್ಣಿಡುವುದು ಹೇಗೆ? ನಾನು ದಿನಾ ಮೆಸೇಜು ಮಾಡುತ್ತಿದ್ದೆ. ಅವರು ಮೂರು ದಿನಕ್ಕೊಮ್ಮೆ 'ಓಕೆ' ಎನ್ನುತ್ತಿದ್ದರು.

ಹೀಗಿದ್ದ ಮನುಷ್ಯ ಕೆಟ್ಟದ್ದು ಬೀನ್ಸಿನಿಂದ! ಅವರ ಮಹಡಿಯಲ್ಲಿ ಒಬ್ಬ ಚೀನೀ ಆಂಟಿ ಇದ್ದರು. ಇಡೀ ಕಟ್ಟಡದವರನ್ನು ಚೀನಾದ ಒಂದು ಚಾಟ್ ಆ್ಯಪಿನಲ್ಲಿ ಕೂಡಿಹಾಕಿ, ಎಲ್ಲರ ಆರ್ಡರು ಸೇರಿಸಿ, ಬೆಟ್ಟದ ಮೇಲಿನ ತೋಟದಿಂದ ಲಾರಿಯಲ್ಲಿ ತರಕಾರಿ ತರಿಸುವುದು ಅವರ ಕೆಲಸ. ಮಾವ ಮಾಸ್ಕ್ ಹಾಕಿಕೊಂಡು ಖಾಲಿ ಚೀಲ ಹಿಡಿದು ನಿಂತಿದ್ದನ್ನು ಕಂಡು, "ಅಂಕಲ್, ವೆಜಿಟೆಬಲ್ ಬೇಕಾದ್ರೆ ಗ್ರೂಪ್ ಜಾಯಿನ್ ಲಾ!" ಎಂದು ಮಲೇಷ್ಯಾದ ಇಂಗ್ಲಿಷಿನಲ್ಲಿ ಗದರಿ, ಅವರ ಫೋನು ಕಸಿದುಕೊಂಡು ತಾವೇ ಸೇರಿಸಿಬಿಟ್ಟರು.

ಆ ಗುಂಪಿನಲ್ಲಿ ಎಲ್ಲವೂ ಚೀನೀ ಅಕ್ಷರ. ಆಂಟಿ ಏನೋ ಬರೆಯುತ್ತಾರೆ, ಕೆಳಗೆ ಎಲ್ಲರೂ ತಮ್ಮ ಮನೆ ನಂಬರು ಹಾಕಿ '+1' ಎನ್ನುತ್ತಾರೆ. ಮಾವ ಗಮನಿಸಿದರು. ಇದು ನಮ್ಮ ಶಾಲೆಯ ಹಾಜರಿಯ ಹಾಗೆ, ಓದಿದೆ ಎಂದು ತಿಳಿಸುವ ಮರ್ಯಾದೆ ಎಂದುಕೊಂಡರು. ಹಿರಿಯ ಹೆಂಗಸು ಕಷ್ಟಪಟ್ಟು ಬರೆಯುವಾಗ ಉತ್ತರ ಕೊಡದೆ ಇರುವುದು ಮೈಸೂರಿನವರ ಲಕ್ಷಣವೇ? ಬಂದ ಪ್ರತಿಯೊಂದು ಮೆಸೇಜಿಗೂ 'ಬಿ-12-3, +1' ಎಂದು ಹಾಕಿ ಕೃತಾರ್ಥರಾದರು.

ಶನಿವಾರ ಲಾರಿ ಬಂತು. ಬೀನ್ಸು ಬಂತು. ಅದರ ಹಿಂದೆ ಸಿಗಡಿ ಬಂತು, ಉಪ್ಪುಮೊಟ್ಟೆ ಬಂತು, ಹಂದಿಮಾಂಸದ ಬನ್ನು ಎರಡು ಡಜನ್ ಬಂತು, ಮಗುವಿನ ಡೈಪರು, ಹೆಂಗಸರ ಚಪ್ಪಲಿ! ಈರುಳ್ಳಿಗೂ ಶುಕ್ರವಾರ ಬಿಡುವು ಕೊಡುವ ಸಸ್ಯಾಹಾರಿ ನಮ್ಮ ಮಾವ. ಬೇಡವೆಂದು ಹೇಳಲು ಸಂಕೋಚ. ಕೊನೆಗೆ ಒಂದೊಂದನ್ನೇ ಚೀಲದಲ್ಲಿ ಕಟ್ಟಿ ನೆರೆಯವರ ಬಾಗಿಲ ಕಬ್ಬಿಣದ ಗ್ರಿಲ್ಲಿಗೆ ನೇತುಹಾಕಿ ಓಡಿಬಂದರು. ಮರುದಿನ ಬೆಳಿಗ್ಗೆ ನೋಡಿದರೆ ಅವರ ಗ್ರಿಲ್ಲಿನ ತುಂಬ ಚೀಲಗಳು: ಬಾಳೆಹಣ್ಣು, ತೋಫು, ತೆಂಗಿನಹಾಲಿನ ಜಾಮು, ಒಂದು ಮಲ್ಲಿಗೆ ಗಿಡ. ಇಪ್ಪತ್ತು ವರ್ಷ ಆ ಮಹಡಿಯಲ್ಲಿದ್ದವರಿಗೆ ಮೊದಲ ಸಲ ನೆರೆಹೊರೆಯಾಯಿತು. ಹೆಸರು ಮಾತ್ರ ಯಾರೂ ಕೇಳಲಿಲ್ಲ. ಇವತ್ತಿಗೂ ಅಲ್ಲಿ ಅವರು 'ಬಿ-12-3 ಅಂಕಲ್'.

ಅಲ್ಲಿಂದ ಮುಂದೆ ಎತ್ತದ ಫೋನನ್ನು ಅವರೇ ನನಗೆ ಮಾಡತೊಡಗಿದರು. ಅದೂ ಸುಮ್ಮನೆ ಅಲ್ಲ, ಪಾಠ ಹೇಳಲು!

"ನೋಡೇ, ನಮ್ಮಲ್ಲಿ ಅಂಗಡಿ ಬೇರೆ, ಹರಟೆ ಕಟ್ಟೆ ಬೇರೆ. ಚೀನಾದವ್ರು ಎರಡನ್ನೂ ಒಂದೇ ಮಾಡ್ಬಿಟ್ಟಿದಾರೆ. ಮೊದ್ಲು ಮಾತು, ಆಮೇಲೆ ಮಾಲು. ಜಾಹೀರಾತು ಅಂತ ಬೇರೆ ಬೇಕಾಗೇ ಇಲ್ಲ."

"ಮಾವ, ನಂಗೆ ಈಗ ಆಫೀಸ್ ಕಾಲ್ ಇದೆ."

"ಇರ್ಲಿ, ಐದ್ ನಿಮಿಷ. ಇನ್ನೊಂದು ವಿಚಾರ ಇದೆ..."

ನಲವತ್ತು ನಿಮಿಷ!

ಚೀನೀ ಹೊಸವರ್ಷಕ್ಕೆ ಆ ಗುಂಪಿನಲ್ಲಿ ಫೋನಿನಲ್ಲೇ ಕೆಂಪು ಲಕೋಟೆ ಹಂಚುವ ಪದ್ಧತಿ. ಆಂಟಿ ಲಕೋಟೆ ಬಿಡುತ್ತಾರೆ, ಯಾರು ಮೊದಲು ಒತ್ತುತ್ತಾರೋ ಅವರಿಗೆ ಕಾಣಿಕೆಯ ದುಡ್ಡು. ಮಾವ ಒತ್ತಲಿಲ್ಲ. 'ಮೊದಲು ಮಕ್ಕಳು, ಹಿರಿಯರು ತೆಗೆದುಕೊಳ್ಳಲಿ' ಎಂದು ಚೀನೀ ಭಾಷೆಗೆ ಅನುವಾದ ಮಾಡಿಸಿ ಕಳಿಸುವಷ್ಟರಲ್ಲಿ ಹನ್ನೊಂದು ಲಕೋಟೆಗಳೂ ಖಾಲಿ. ಅದರಲ್ಲಿ ನಾಲ್ಕನ್ನು ಹೊಡೆದದ್ದು ಎಂಬತ್ತು ದಾಟಿದ ಒಬ್ಬ ಅಜ್ಜ! ಮಾವನಿಗೆ ಅದೇ ಒಂದು ವಾರದ ಆಶ್ಚರ್ಯ.

ಆಮೇಲೆ ಬಂದದ್ದು ಕೊಡೆಯ ಪ್ರಕರಣ. ಚೀನಾದ ಒಂದು ಆನ್‌ಲೈನ್ ಅಂಗಡಿಯಲ್ಲಿ, ನಿಮ್ಮ ಪರವಾಗಿ ಒಬ್ಬೊಬ್ಬ ಸ್ನೇಹಿತ ಒಂದೊಂದು ಸಲ ಗುಂಡಿ ಒತ್ತಿದರೆ ಬೆಲೆ ಇಳಿಯುತ್ತಾ ಹೋಗಿ, ಕೊನೆಗೆ ಕೊಡೆ ಪುಕ್ಕಟೆ. ವ್ಯಾಪಾರಿ ಒಂದು ಕಾಸು ಪ್ರಚಾರಕ್ಕೆ ಹಾಕದೆ ನಿಮ್ಮ ಬಂಧುಬಳಗಕ್ಕೆಲ್ಲ ಅಂಗಡಿ ತೋರಿಸಿದ ಹಾಗಾಯಿತಲ್ಲ! ಸ್ನೇಹಿತರಿಲ್ಲದ ಮಾವ ಆ ಕೊಂಡಿಯನ್ನು ನಮ್ಮ ಕುಟುಂಬದ ಗುಂಪಿಗೆ ಹಾಕಿ 'ಎಲ್ಲರೂ ದಯವಿಟ್ಟು ಒತ್ತಿ' ಎಂದು ಬರೆದರು. ಆ ಹೊತ್ತಿಗೆ ಭಾರತದಲ್ಲಿ ಚೀನಾದ ಆ್ಯಪುಗಳನ್ನೆಲ್ಲ ಮುಚ್ಚಿಸಿದ್ದರು. ಯಾರಿಗೂ ಅದು ತೆರೆಯಲಿಲ್ಲ. ಅರ್ಧ ಜನ ಮಾವನ ಫೋನನ್ನು ಚೀನಾದವರು ಹೊಕ್ಕಿದ್ದಾರೆಂದರು, ಉಳಿದರ್ಧ ಮಾವನನ್ನೇ ಎಂದರು. ಕೊಡೆ ಬರಲಿಲ್ಲ. ಅಂದು ಸಂಜೆ ಮಾವ ನನಗೆ ಫೋನು ಮಾಡಿ, "ಒಂದೂ ಇಳೀಲಿಲ್ಲ ಕಣೇ ಬೆಲೆ" ಎಂದರು. ಕೊಡೆ ಹೋದ ಬೇಸರವಲ್ಲ ಅದು ಎಂದು ಆಗಲೇ ನನಗೆ ತಿಳಿಯಬೇಕಿತ್ತು. ನಾನು ನಕ್ಕೆ.

ಅದಾದ ಮೇಲೆ ಫ್ಲಾಸ್ಕು ಶುರುವಾಯಿತು. ಚೀನಾದ ಯಾವುದೋ ಊರಿನ ಹುಡುಗಿಯೊಬ್ಬಳು ಪ್ರತಿದಿನ ಸಂಜೆ ಫೋನಿನ ಮುಂದೆ ಕೂತು ನೇರಪ್ರಸಾರದಲ್ಲಿ ಥರ್ಮಾಸ್ ಫ್ಲಾಸ್ಕು ಮಾರುತ್ತಾಳೆ. ಮಾವ ಒಂದು ಕೊಂಡರು. ಮುಂದಿನ ವಾರ ಇನ್ನೊಂದು. ಹತ್ತೊಂಬತ್ತಾದವು! ಒಬ್ಬ ಮನುಷ್ಯ ಎಷ್ಟು ಬಿಸಿನೀರು ಕುಡಿಯಬಲ್ಲ?

"ಮಾವ, ಅದು ವ್ಯಾಪಾರ. ಅವಳ ಪಾಲಿಗೆ ನೀವು ಸಾವಿರ ಗಿರಾಕಿಗಳಲ್ಲಿ ಒಬ್ರು, ಅಷ್ಟೇ."

"ಗೊತ್ತು ಕಣೇ, ನಾನೇನ್ ದಡ್ಡನಾ? ಆದ್ರೆ ಟೈಮ್ ನೋಡು. ಇಲ್ಲಿ ಎಂಟು ಗಂಟೆ ಅಂದ್ರೆ ಮೈಸೂರಲ್ಲಿ ಇನ್ನೂ ಐದೂವರೆ. ಎಲ್ಲ ಅವರವರ ಕೆಲಸದಲ್ಲಿರ್ತಾರೆ. ಚೀನಾದಲ್ಲಿ ಮಾತ್ರ ನಂಗೂ ಎಂಟು, ಅವ್ರಿಗೂ ಎಂಟು."

ಇದನ್ನು ಅಮ್ಮನಿಗೆ ಹೇಳಿದ್ದು ನನ್ನ ತಪ್ಪು. ಅಮ್ಮನ ಕಣ್ಣ ಮುಂದೆ ಅಣ್ಣ, ಚೀನೀ ಹುಡುಗಿ, ಹೂಮಾಲೆ ಎಲ್ಲ ಸುಳಿದುಹೋಗಿರಬೇಕು. "ಈ ವಯಸ್ಸಲ್ಲಿ ಇದೇನೇ ಇವನಿಗೆ! ನಾನ್ ಹೇಳ್ಲಿಲ್ವಾ, ತಲೆ ಕೆಟ್ಟಿದೆ. ಅವಳು ಏನ್ ಮಾಡ್ತಾಳೆ, ಹೋಗಿ ನೋಡು."

ಹೋಗಿ ನೋಡುವುದೆಂದರೆ ಆ್ಯಪು ಹಾಕಿಕೊಳ್ಳುವುದು. ನನಗೂ ಒಂದು ಫ್ಲಾಸ್ಕು ಕೊಳ್ಳಿಸುವ ಆಸೆಯಿಂದ ಮಾವ ಎಂದೋ ಕಳಿಸಿದ್ದ ಕೊಂಡಿ ಇತ್ತು. ಅವರಿಗೆ ಗುರುತು ಸಿಗದಿರಲೆಂದು 'ಗಿರಾಕಿ 88' ಎಂಬರ್ಥದ ಹೆಸರಿಟ್ಟುಕೊಂಡು, ಪತ್ತೇದಾರಳ ಗತ್ತಿನಲ್ಲಿ ಎಂಟು ಗಂಟೆಗೆ ಒಳಗೆ ಹೊಕ್ಕೆ.

ಇಪ್ಪತ್ತೈದರ ಹುಡುಗಿ. ಗಂಟಲು ಕಟ್ಟಿತ್ತು, ಕಣ್ಣು ದಣಿದಿತ್ತು. ಕೈ ಮಾತ್ರ ಬಿಡದೆ ಕುದಿನೀರು ಸುರಿದು ತೋರಿಸುತ್ತಿತ್ತು. ಯಾರಾದರೂ ಒಳಗೆ ಬಂದರೆ ಪರದೆಯ ಕೆಳಗೆ ಅವರ ಹೆಸರು ಮೂಡುತ್ತದೆ. ಅವಳು ತನ್ನ ಮಾತನ್ನು ಅಲ್ಲೇ ತಡೆದು, "ಹುವಾನ್ ಯಿಂಗ್" ಎಂದು ಆ ಹೆಸರು ಹಿಡಿದು ಸ್ವಾಗತಿಸುತ್ತಾಳೆ. ಬಂದ ಗಿರಾಕಿ ನಿಲ್ಲಲೆಂದು ಅವರೆಲ್ಲ ಮಾಡುವ ಕ್ರಮ ಅದು. ನನಗೂ ಹೇಳಿದಳು, ಆ ಸುಳ್ಳು ಹೆಸರು ಹಿಡಿದು. ನಂಬುತ್ತೀರೋ ಇಲ್ಲವೋ, ನಾನು ತಲೆಗೂದಲು ಸರಿಮಾಡಿಕೊಂಡೆ! ಮೀಟಿಂಗು ಬಿಟ್ಟರೆ ನನ್ನನ್ನು ಯಾರಾದರೂ ಹೆಸರು ಹಿಡಿದು ಕರೆದು ನಾಲ್ಕು ದಿನವಾಗಿತ್ತು.

ಅಷ್ಟರಲ್ಲಿ ಪರದೆಯಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರಿನ ಪುಟ್ಟ ಚಿತ್ರವೊಂದು ಮೂಡಿತು. ಇಡೀ ಚೀನಾದಲ್ಲಿ ಅಂಥ ಚಿತ್ರ ಹಾಕಿಕೊಳ್ಳುವವರು ಇನ್ಯಾರು? ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು: 'ಪುಟ್ಟ'.

"ಹುವಾನ್ ಯಿಂಗ್, ಪು-ತಾ!" ಎಂದಳು ಹುಡುಗಿ.

ನನಗೆ ನಗು ಬಂತು. ಎರಡು ನಿಮಿಷ ಬಿಟ್ಟು ಅದೇ ಹೆಸರು ಮತ್ತೆ ಮೂಡಿತು. ಅವಳು ಮತ್ತೆ ಕರೆದಳು. ನೆಟ್‌ವರ್ಕ್ ಹೋಗಿ ಬರುತ್ತಿರಬೇಕು ಎಂದುಕೊಂಡೆ. ಮೂರನೇ ಸಲ. ನಾಲ್ಕನೇ ಸಲ. ಏಳನೇ ಸಲಕ್ಕೆ ನನ್ನ ನಗು ನಿಂತಿತು. ಮಾವ ಹೊರಗೆ ಹೋಗುತ್ತಿದ್ದರು, ಸ್ವಲ್ಪ ಹೊತ್ತು ಕಾಯುತ್ತಿದ್ದರು, ಮತ್ತೆ ಒಳಗೆ ಬರುತ್ತಿದ್ದರು.

ಅಮ್ಮನಿಗೆ ಅವರು ಅಣ್ಣ. ನನಗೆ ಮಾವ. ಆಫೀಸಿನಲ್ಲಿ ಎರಡು ಇನಿಷಿಯಲ್ಲು. ಐವತ್ತೆಂಟು ವರ್ಷದ ಆ ಮನುಷ್ಯನನ್ನು ಪುಟ್ಟ ಎಂದು ಕರೆಯುತ್ತಿದ್ದವರು ಒಬ್ಬರೇ ಇದ್ದರು, ದಿನಕ್ಕೊಂದು ಸಲ, ಫೋನಿನಲ್ಲಿ. ಅವರು ಹೋದ ಮೇಲೆ ಆ ಹೆಸರು ಕರೆಯಲು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಅದನ್ನು ಕೇಳಲು ಮಾವ ಗೊತ್ತಿಲ್ಲದ ದೇಶದ, ಗೊತ್ತಿಲ್ಲದ ಹುಡುಗಿಯ ಅಂಗಡಿಗೆ ಹೋಗಿ ಹೋಗಿ ಬರುತ್ತಿದ್ದರು. ಬಿಟ್ಟಿಯಾಗಿ ಕರೆಸಿಕೊಳ್ಳಲು ಸಂಕೋಚವಾಗಿ ವಾರಕ್ಕೊಂದು ಫ್ಲಾಸ್ಕು ಕೊಳ್ಳುತ್ತಿದ್ದರು. ವರ್ಷವಿಡೀ ಫೋನಿನಲ್ಲಿ ನಾನು ಕೇಳಿದ್ದೇನು? ಅಕ್ಕಿ ಇದೆಯಾ, ಮಾಸ್ಕ್ ಇದೆಯಾ, ಲಸಿಕೆ ಆಯಿತಾ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಒಂಬತ್ತಕ್ಕೆ ಹುಡುಗಿ ಕೈಬೀಸಿ ಪ್ರಸಾರ ಮುಗಿಸಿದಳು. ನಾನು ಮಾವನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಏನೇ, ಇಷ್ಟೊತ್ತಲ್ಲಿ?"

ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಸೋದರಮಾವನನ್ನು ಹೆಸರು ಹಿಡಿದು ಕರೆದರೆ ನಮ್ಮ ಮನೆಯಲ್ಲಿ ಕೆನ್ನೆಗೆ ಬೀಳುತ್ತದೆ. ಆದರೂ ಬಾಯಿಂದ ಬಂದುಬಿಟ್ಟಿತು.

"ಪುಟ್ಟಾ" ಎಂದೆ, ಅಜ್ಜಿ ಎಳೆಯುತ್ತಿದ್ದ ಹಾಗೇ ಕೊನೆಯನ್ನು ಎಳೆದು.

ಬೈಯುತ್ತಾರೇನೋ ಎಂದು ಕಾದೆ. ಬಂದದ್ದು ಅಳು. ಹದಿನಾಲ್ಕು ತಿಂಗಳಿಂದ ಮೀಟಿಂಗು ಇದೆ ಎಂದು ತಪ್ಪಿಸಿಕೊಂಡಿದ್ದ ಅಳುವನ್ನು ಮಕ್ಕಳು ಅಳುವ ಹಾಗೆ ಬಾಯಿಬಿಟ್ಟು ಅತ್ತರು. ನಾನು ಫೋನು ಇಡಲಿಲ್ಲ.

ಬಹಳ ಹೊತ್ತಾದ ಮೇಲೆ ಮಾವ ಮೂಗೊರೆಸಿಕೊಂಡು, ಮೆಲ್ಲಗೆ ಹೇಳಿದರು:

"ಇನ್ನೊಂದ್ಸಲ ಕರಿಯೇ."

ಕರೆದೆ.