ಮಡಚುವ ಸೈಟಿಗೆ ಹೋದ ಶನಿವಾರಗಳು

ಅಲ್ಲ, ಹಾಗಂತ ನಾನು ಬಂದೂಕಿನ ಹುಚ್ಚ ಅಂತ ನೀವು ತಿಳಿಯಬಾರದು. ನನ್ನ ಹತ್ತಿರ ಇರುವುದು ಒಂದೇ ಒಂದು ಪಾಯಿಂಟ್ ಟೂಟೂ ರೈಫಲ್. ಕಾಗದಕ್ಕೆ ತೂತು ಮಾಡುವುದನ್ನು ಬಿಟ್ಟರೆ ಅದು ಇಲ್ಲಿಯವರೆಗೆ ಯಾರಿಗೂ ಏನೂ ಮಾಡಿಲ್ಲ. ನನಗೆ ಹಿಡಿದದ್ದು ಸೈಟಿನ ಹುಚ್ಚು (ಮನೆ ಕಟ್ಟುವ ಸೈಟಲ್ಲ, ಬಂದೂಕಿನ ಮೇಲೆ ಗುರಿ ನೋಡುವ ಸೈಟು).

ರೈಫಲ್ ಮೇಲೆ ಗುರಿ ನೋಡಲು ಒಂದು ರೆಡ್ ಡಾಟ್ ಇದೆ. ಪುಟ್ಟ ಗಾಜು, ಅದರೊಳಗೊಂದು ಕೆಂಪು ಚುಕ್ಕೆ. ಬ್ಯಾಟರಿ ಸತ್ತರೆ ಚುಕ್ಕೆಯೂ ಸತ್ತಂತೆ. ಅಂಥ ಆಪತ್ಕಾಲಕ್ಕೆಂದೇ ಮಡಚುವ ಐರನ್ ಸೈಟುಗಳು ಸಿಗುತ್ತವೆ. ಮುಂದೆ ಒಂದು ಕಡ್ಡಿ, ಹಿಂದೆ ಒಂದು ತೂತು. ತೂತಿನಲ್ಲಿ ಕಡ್ಡಿ ಕಾಣಬೇಕು, ಕಡ್ಡಿಯ ತುದಿಯಲ್ಲಿ ಗುರಿ ಕೂರಬೇಕು. ಬೇಡವಾದಾಗ ಮಲಗಿಸಬಹುದು, ಬೇಕಾದಾಗ ಎಬ್ಬಿಸಬಹುದು (ಭಾನುವಾರ ನಮ್ಮ ಮನೆಯಲ್ಲಿ ನನ್ನ ಸ್ಥಿತಿಯೂ ಇದೇ).

ಈ ಸೈಟು ಆರಿಸಲು ನಾನು ತೆಗೆದುಕೊಂಡದ್ದು ಏಳು ವಾರ. ಅದಕ್ಕೊಂದು ಕಾರಣವಿತ್ತು. ನಮ್ಮ ಶೂಟಿಂಗ್ ಕ್ಲಬ್ಬಿನ ಶನಿವಾರದ ಲೀಗಿಗೆ ಸೇರಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಹತ್ತು ಗುಂಡು, ಅದರಲ್ಲಿ ಎಂಟು ನಡುವಿನ ಕಪ್ಪು ವೃತ್ತದೊಳಗೆ ಬೀಳಬೇಕು. ನನ್ನ ಹೆಂಡತಿ ಜಾಹ್ನವಿ ಲಿನ್‌ವುಡ್‌ನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅವಳ ಜೊತೆಗಿದ್ದ ಟೀಚರು ಟೆಕ್ಸಸ್‌ಗೆ ಹೊರಟುಹೋದ ಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಪಾಸಾದ್ರೆ ನಿನ್ನ ಶನಿವಾರ ನಿಂಗೆ," ಎಂದಳು. "ಫೇಲಾದ್ರೆ ಕ್ಲಾಸಿಗೆ ಬರ್ತೀಯ. ಮತ್ತೆ ನೆಗಡಿ, ಬೆನ್ನುನೋವು ಅಂತೆಲ್ಲ ಶುರು ಮಾಡ್ಕೋಬೇಡ."

"ಜಾನೂ, ನಂಗೆ ಮಕ್ಕಳಂದ್ರೆ ಭಯ ಕಣೇ."

"ಮಕ್ಕಳಿಗೇನು ನಿನ್ನ ಭಯ ಇಲ್ಲ, ಬಿಡು."

ಆದ್ದರಿಂದಲೇ ಸೈಟಿನ ಆಯ್ಕೆ ನನಗೆ ಜೀವನ್ಮರಣದ ಪ್ರಶ್ನೆಯಾಯಿತು. ಬೆಲ್ವ್ಯೂದ ಒಂದು ಕಂಪನಿಯಲ್ಲಿ ಡೇಟಾ ಬ್ಯಾಕಪ್ ನೋಡಿಕೊಳ್ಳುವವನು ನಾನು. ಪ್ರಶ್ನೆ ಎದುರಾದರೆ ನನ್ನ ಕೈ ತಾನಾಗಿ ಸ್ಪ್ರೆಡ್‌ಶೀಟ್ ತೆರೆಯುತ್ತದೆ. ಹದಿನಾಲ್ಕು ಬಗೆಯ ಸೈಟು, ಇಪ್ಪತ್ತಮೂರು ಕಾಲಮ್ಮು. ಉಕ್ಕೋ ಪ್ಲಾಸ್ಟಿಕ್ಕೋ, ತೂಕ ಎಷ್ಟು, ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ತಾನೇ ಏಳುತ್ತದೋ ಅಥವಾ ಕೈಯಿಂದ ಎಬ್ಬಿಸಬೇಕೋ, ರೆಡ್ ಡಾಟಿನ ಎತ್ತರಕ್ಕೆ ಹೊಂದುತ್ತದೋ ಇಲ್ಲವೋ. "ಏಳುವಾಗಿನ ಶಬ್ದ" ಎಂಬುದಕ್ಕೂ ಒಂದು ಕಾಲಮ್ಮು ಇಟ್ಟಿದ್ದೆ.

ಕ್ಲಬ್ಬಿನಲ್ಲಿ ನಮ್ಮನ್ನೆಲ್ಲ ನೋಡಿಕೊಳ್ಳುವ ರೇಂಜ್ ಆಫೀಸರ್ ನಮ್ಮವರೇ, ಹುಬ್ಬಳ್ಳಿಯ ಕಲ್ಮೇಶ್. ಅವರಿಗೆ ಆ ಶೀಟು ಕಳಿಸಿದೆ. ಅವರು ಕಾಲ್ ಮಾಡಿದರು.

"ಚರಣ್ ಅವ್ರ, ನಿಮ್ಮ ಶೀಟ್ ಮುಗಿಯೂದ್ರಾಗ ನನ್ನ ಕಣ್ಣಿಗೆ ಪೊರಿ ಬರ್ತದ. ಯಾವುದರೆ ಒಂದು ತಗೊಂಡು, ಹಚ್ಚಿ, ಒಂದ್ ಡಬ್ಬಿ ಗುಂಡು ಹೊಡೀರಿ. ಅಷ್ಟ."

ಇಂಥ ಗಂಭೀರ ವಿಷಯವನ್ನು ಅವರು ಹೀಗೆ ಹಗುರವಾಗಿ ತೆಗೆದುಕೊಂಡದ್ದರಿಂದ ನನಗೆ ಸ್ವಲ್ಪ ನೋವಾಯಿತು.

ಕೊನೆಗೆ ಎರಡು ಜೊತೆ ತರಿಸಿದೆ. ರೈಫಲ್ ಸೇಫಿನೊಳಗಿತ್ತು. ಅದನ್ನು ಮನೆಯಲ್ಲಿ ಹೊರಗೆ ತೆಗೆಯುವುದು ಜಾಹ್ನವಿಗೆ ಹಿಡಿಸುವುದಿಲ್ಲ. ಹಾಗಾಗಿ ಸೈಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಲಟ್ಟಣಿಗೆಗೆ ಕಟ್ಟಿ ಸೋಫಾ ಮೇಲೆ ಕೂತೆ. ಮಲಗಿಸುವುದು, ಟಕ್ ಅಂತ ಎಬ್ಬಿಸುವುದು, ಲ್ಯಾಂಪಿಗೆ ಗುರಿ ಇಡುವುದು. ಹೀಗೆ ಇನ್ನೂರು ಸಲ ಆಗಿರಬಹುದು.

"ಚಪಾತಿ ಹಿಟ್ಟು ಒಣಗ್ತಿದೆ. ಆ ಮಿಸೈಲ್ ಕೊಡ್ತೀಯಾ?" ಎಂದು ಜಾಹ್ನವಿ ಬಂದಳು.

"ಒಂದ್ನಿಮಿಷ. ಸ್ಪ್ರಿಂಗಿಂದು ಟೆಸ್ಟ್ ಮಾಡ್ತಿದೀನಿ."

ಅವಳು ಲಟ್ಟಣಿಗೆ ಕಿತ್ತುಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಅದನ್ನು ಎತ್ತಿ ಹಿಂದಿನ ತೂತಿನಲ್ಲಿ ಕಣ್ಣಿಟ್ಟಳು. "ಇಷ್ಟೇನಾ? ಸೂಜಿಗೆ ದಾರ ಪೋಣ್ಸಿದ ಹಾಗಿದೆ. ಇದಕ್ಕೆ ಏಳು ವಾರ ಬೇಕಾಯ್ತಾ ನಿಂಗೆ?"

ಉಕ್ಕಿನ, ಸ್ಪ್ರಿಂಗಿನ ಜೊತೆಯೇ ಗೆದ್ದಿತು. ಪರೀಕ್ಷೆಯ ಹಿಂದಿನ ದಿನ ಜಾಹ್ನವಿಯ ಅಪ್ಪಣೆ ಪಡೆದು, ರೈಫಲ್ ಹೊರಗೆ ತೆಗೆದು, ಸೈಟು ಕೂರಿಸಿ ತಿರುಪು ಬಿಗಿದೆ. ಆಫೀಸಿನಲ್ಲಿ ಹೊಸ ಸರ್ವರ್ ಕೂರಿಸಿ ಶುರು ಮಾಡಿದಾಗ ಬರುವಂಥ ನೆಮ್ಮದಿ ಬಂತು.

ಶನಿವಾರ ಕ್ಲಾಸಿಗೆ ರಜೆ ಕೊಟ್ಟು ಜಾಹ್ನವಿಯೂ ಬಂದಳು (ಸಾಕ್ಷಿಯಾಗಿ). ಕಲ್ಮೇಶ್ ಅವಳನ್ನು ಸುಮ್ಮನೆ ನಿಲ್ಲಲು ಬಿಡಲಿಲ್ಲ.

"ವೈನಿ, ಥಂಡ್ಯಾಗ ನಿಂತು ಏನ್ ಮಾಡ್ತೀರಿ? ಕ್ಲಬ್ಬಿನ ರೈಫಲ್ ಐತಿ. ನಾ ತೋರಸ್ತೀನಿ, ನೀವೂ ಒಂದ್ ಹತ್ತು ಹೊಡೀರಿ."

ನಾನು ನನ್ನ ಲೇನಿನಲ್ಲಿ ಕೂತು ರೆಡ್ ಡಾಟಿನಲ್ಲಿ ಕಣ್ಣಿಟ್ಟೆ. ಚುಕ್ಕೆ ಇರಲಿಲ್ಲ. ಸೈಟು ಕೂರಿಸುವಾಗ ಆನ್ ಮಾಡಿದವನು ಆಫ್ ಮಾಡುವುದನ್ನು ಮರೆತಿದ್ದೆ. ಹಳೇ ಬ್ಯಾಟರಿ ರಾತ್ರಿಯಿಡೀ ಉರಿದು ಸತ್ತಿತ್ತು.

"ಇನ್ನೊಂದು ಬ್ಯಾಟರಿ ತಂದಿಲ್ವಾ?" ಪಕ್ಕದ ಲೇನಿನಿಂದ ಜಾಹ್ನವಿ ಕೇಳಿದಳು.

"ಬ್ಯಾಟರಿ ಯಾಕೆ? ಇದಕ್ಕೇ ತಾನೇ ಏಳು ವಾರ ಒದ್ದಾಡಿದ್ದು?" ಎಂದು ಗುಂಡಿ ಒತ್ತಿದೆ. ಎರಡೂ ಸೈಟು ಟಕ್ ಟಕ್ ಅಂತ ಎದ್ದು ನಿಂತವು. ನಿಜ ಹೇಳಬೇಕೆಂದರೆ ಬ್ಯಾಟರಿ ಸತ್ತದ್ದಕ್ಕೆ ನನಗೆ ಖುಷಿಯೇ ಆಗಿತ್ತು. ಉಸಿರು ಹಿಡಿದು, ಅವಸರ ಮಾಡದೆ, ಹತ್ತೂ ಹೊಡೆದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಹೊಡೆದಿರಲಿಲ್ಲ.

ಕಾಗದ ತರಲು ಹೋದೆವು. ನಡುವಿನ ಕಪ್ಪು ವೃತ್ತ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಕೆಳಗೆ ಎಡ ಮೂಲೆಯಲ್ಲಿ ಹುಣಸೆಬೀಜದಷ್ಟು ಜಾಗದಲ್ಲಿ ಹತ್ತೂ ತೂತು ಒಂದರ ಮೇಲೊಂದು ಬಿದ್ದಿದ್ದವು.

ಕಲ್ಮೇಶ್ ಆ ತೂತುಗಳ ಮೇಲೆ ಬೆರಳಾಡಿಸಿದರು. "ಭಾರಿ ಹೊಡದೀರಿ. ಇಂಥಾ ಕೈ ಈ ವರ್ಷ ನಾ ನೋಡಿಲ್ಲ. ಖರೇ ಹೇಳ್ರಿ, ಸೈಟ್ ಹಚ್ಚಿದ ಮ್ಯಾಲೆ ಒಮ್ಮೆರೆ ಹೊಡದು, ಎಲ್ಲಿ ಬೀಳ್ತದ ನೋಡಿ, ತಿರುವಿ ಸರಿ ಮಾಡ್ಕೊಂಡಿದ್ರೇನು?"

ನಾನು ಕಾಗದ ನೋಡಿದೆ. ಇಪ್ಪತ್ತಮೂರು ಕಾಲಮ್ಮಿನಲ್ಲಿ ಆ ಒಂದು ಕಾಲಮ್ಮು ಇರಲಿಲ್ಲ.

"ಒಂದ್ಸಲಾನೂ ಹೊಡೆದು ನೋಡಿಲ್ವಾ?" ಜಾಹ್ನವಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ದಿನಾ ಹೆಡ್‌ಫೋನ್ ಹಾಕ್ಕೊಂಡು ಎಲ್ಲರಿಗೂ ಬೈತಿರ್ತೀಯಲ್ಲೋ, ವಾಪಸ್ ತೆಗೆದು ನೋಡದೆ ಇರೋ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ ಅಂತ. ಆ ಮಾತು ಅಡುಗೆಮನೇಲಿರೋ ನಂಗೇ ಬಾಯಿಪಾಠ ಆಗಿದೆ."

ಅಷ್ಟರಲ್ಲಿ ಕಲ್ಮೇಶ್ ಅವಳ ಕಾಗದ ತಂದರು. ಕಪ್ಪಿನೊಳಗೆ ಒಂಬತ್ತು.

"ವೈನಿ ಪಾಸು," ಎಂದು ಲೀಗಿನ ಫಾರ್ಮನ್ನು ಅವಳ ಕೈಗೇ ಕೊಟ್ಟರು. "ಚರಣ್ ಅವ್ರ, ನಿಮ್ಮ ಪರೀಕ್ಷೆ ಮತ್ತ ಮಾರ್ಚಿನ್ಯಾಗ. ನಾಳೆ ಬರ್ರಿ, ಇಬ್ಬರೂ ಕೂಡಿ ಸೈಟ್ ಸರಿ ಮಾಡೂಣು. ಕೈ ಏನೂ ಕೆಟ್ಟಿಲ್ಲ ನಿಮ್ದು."

ಜಾಹ್ನವಿ ಫಾರ್ಮಿನ ಎರಡೂ ಬದಿ ಓದಿದಳು. "ಶನಿವಾರ ಬೆಳಿಗ್ಗೆ ಅಂತಿದೆ."

"ನಿಂಗೆ ಕ್ಲಾಸ್ ಇದೆಯಲ್ಲ," ಎಂದೆ, ಬಹಳ ಆಸೆಯಿಂದ.

"ನಿಂಗಿದೆ," ಎಂದು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು.

"ಕ್ಲಾಸಿಗೆ ಇಬ್ಬರು ಬೇಕು ಅಂದಿದ್ದೆಯಲ್ಲೇ ನೀನು."

"ಅದು ಆವಾಗ ಅನ್ನಿಸಿದ್ದು. ಈಗ ಒಬ್ಬನೇ ಸಾಕು ಅನ್ನಿಸ್ತಿದೆ."

ಈಗ ಐದು ವಾರವಾಯಿತು. ಹನ್ನೊಂದು ಮಕ್ಕಳೂ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಆದರೆ ಇಬ್ಬರು ಮೊನ್ನೆಯಿಂದ "ಮಾಮ" ಅನ್ನುತ್ತಿದ್ದಾರೆ. ಭಾನುವಾರಗಳಂದು ನನ್ನ ಗುಂಡುಗಳು ಮೂಲೆಯಿಂದ ಕಪ್ಪಿನ ಕಡೆಗೆ ನಿಧಾನವಾಗಿ ನಡೆದು ಬರುತ್ತಿವೆ. ಮಾರ್ಚಿಗೆ ತಲುಪುತ್ತವೆ, ನನಗೆ ನಂಬಿಕೆಯಿದೆ.

ನಿಮಗೆ ಶನಿವಾರ ಬೆಳಿಗ್ಗೆ ಬಿಡುವಿದ್ದರೆ ಕ್ಲಬ್ಬಿಗೆ ಹೋಗಿ ಜಾಹ್ನವಿಯನ್ನು ನೋಡಿ ಬನ್ನಿ. ಮೂರನೇ ಲೇನು, ಹಳದಿ ರೇನ್‌ಕೋಟು. ಕಪ್ಪಿನೊಳಗೆ ಎಷ್ಟು ಬಿತ್ತು ಅಂತ ಎಣಿಸಿ ನನಗೊಂದು ಮೆಸೇಜ್ ಹಾಕಿ. ಮನೆಗೆ ಬಂದು ಹೇಳುವಾಗ ಅವಳು ಎರಡು ಕಮ್ಮಿ ಮಾಡಿ ಹೇಳುತ್ತಾಳೆ, ನನಗೆ ಬೇಜಾರಾಗಬಾರದು ಅಂತ.