ಒಂಟಿ ಶೂ ಮಾರುವ ಮಾವ

ನನ್ನ ಸೋದರಮಾವನ ಅಂಗಡಿಗೆ ಹೋಗಿ ಚಪ್ಪಲಿ ಕೊಳ್ಳುವುದು ಬಹಳ ಸುಲಭ. ಕೊಂಡಮೇಲೆ ಹೊರಗೆ ಬರುವುದಿದೆಯಲ್ಲ, ಅದು ಕಷ್ಟ! ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರವಿರುವ ಆ ಪುಟ್ಟ ಅಂಗಡಿಯಲ್ಲಿ, ಮಳೆಗಾಲಕ್ಕೊಂದು ಪ್ಲಾಸ್ಟಿಕ್ ಚಪ್ಪಲಿ ಕೇಳಿದವರಿಗೂ ಅವರು ಮೊದಲು ಅಮೆರಿಕದ ಕಥೆ ಹೇಳುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ಶಿವಮೊಗ್ಗದ ಎರಡು ಬಸ್ಸು ಹೋಗಿರುತ್ತವೆ. "ಮೂರನೇದಕ್ಕೆ ಹೋದ್ರಾತು, ಕೂತ್ಕಳ್ರಿ" ಎಂದು ಮಾವ ಸ್ಟೂಲು ಎಳೆಯುತ್ತಾರೆ.

ಎಲ್ಲ ಶುರುವಾದದ್ದು ಮೊಬೈಲಿನಿಂದ. ಸೊಂಟನೋವಿಗೆ ಯಾವ ಆಸನ ಒಳ್ಳೆಯದು ಎಂದು ಹುಡುಕುತ್ತಿದ್ದ ಮಾವನಿಗೆ, ಸ್ಕೇಟ್‌ಬೋರ್ಡ್ ಎಂಬ ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಹಾರುವ, ಬೀಳುವ, ಎದ್ದು ಮತ್ತೆ ಹಾರುವ ಹುಡುಗ ಹುಡುಗಿಯರು ಕಂಡರು. ಬೇರೆಯವರಾಗಿದ್ದರೆ ಹಾರುವವರನ್ನು ನೋಡುತ್ತಿದ್ದರು. ಮಾವ ಅವರ ಕಾಲು ನೋಡಿದರು! ಎಲ್ಲರ ಕಾಲಲ್ಲೂ ಚಪ್ಪಟೆ ಅಡಿಯ, ಕಪ್ಪು ಬಿಳಿ ಚೌಕದ ಬಟ್ಟೆ ಶೂ. ಅಲ್ಲಿಗೆ ಸೊಂಟನೋವು ಮರೆತೇಹೋಯಿತು. ಆ ಶೂ ಕಂಪನಿಯ ಹುಟ್ಟು, ಬಾಲ್ಯ, ಯೌವನಗಳನ್ನೆಲ್ಲ ಅವರು ವಾರದೊಳಗೆ ಕಂಠಪಾಠ ಮಾಡಿದರು. ಅಮೆರಿಕದ ಒಂದು ಊರಿನಲ್ಲಿ ಕಾರ್ಖಾನೆ ಮತ್ತು ಅಂಗಡಿ ಒಂದೇ ಸೂರಿನಡಿ ಇದ್ದದ್ದು, ಬೆಳಿಗ್ಗೆ ಹೇಳಿ ಹೋದವರಿಗೆ ಸಂಜೆಗೆ ಶೂ ಹೊಲಿದು ಕೊಟ್ಟದ್ದು, ಅದರ ದಪ್ಪ ರಬ್ಬರು ಹಲಗೆಗೆ ಕಚ್ಚಿ ಹಿಡಿಯುತ್ತದೆಂದು ಹಲಗೆಯವರೆಲ್ಲ ಅದಕ್ಕೇ ಮುಗಿಬಿದ್ದದ್ದು, ಎಲ್ಲ ಸರಿ. ಆದರೆ ಮಾವ ಮನಸೋತದ್ದು ಇನ್ನೊಂದು ಸಂಗತಿಗೆ. ಹಲಗೆಯವರಿಗೆ ಒಂದು ಕಾಲಿನ ಶೂ ಬೇಗ ಸವೆಯುತ್ತಿತ್ತಂತೆ. ಆ ಅಂಗಡಿಯವರು ಅವರಿಗೆ ಒಂದೇ ಶೂ ಮಾರುತ್ತಿದ್ದರಂತೆ!

"ಒಂದೇ ಒಂದು! ಇನ್ನೊಂದು ತಗಳ್ಳಿ ಅಂತ ಒತ್ತಾಯವೇ ಇಲ್ಲ. ನಾವು ಇಷ್ಟು ವರ್ಷ ಎಂಥಾ ವ್ಯಾಪಾರ ಮಾಡಿದ್ವಿ ಮಾರಾಯ್ತಿ!" ಎಂದು ಅತ್ತೆಯ ಮುಂದೆ ಹಣೆ ಚಚ್ಚಿಕೊಂಡರಂತೆ. ಅತ್ತೆ ಆಗ ರೊಟ್ಟಿ ತಟ್ಟುತ್ತಿದ್ದರು. "ಹಂಗಾರೆ ಊಟಕ್ಕೂ ಒಂದೇ ರೊಟ್ಟಿ ಸಾಕಾ?" ಎಂದು ಕೇಳಿದರಂತೆ.

ಇಲ್ಲಿ ನನ್ನ ಪಾದಗಳ ವಿಷಯ ಹೇಳಿಬಿಡಬೇಕು. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು, ನನ್ನ ಬಲಪಾದ ಆರು ನಂಬರಿಗೆ ಬೆಳೆಯಿತು, ಎಡಪಾದ ನಾಲ್ಕಕ್ಕೇ ನಿಂತುಬಿಟ್ಟಿತು. ಆರು ನಂಬರಿನ ಜೋಡಿ ಕೊಂಡು, ಎಡಗಾಲಿನ ಚಪ್ಪಲಿಗೆ ಎಲಾಸ್ಟಿಕ್ ಹೊಲಿಸಿ, ಸೀರೆ ಇಳಿಬಿಟ್ಟು ನಡೆಯುತ್ತೇನೆ. ಸೊರಬದಲ್ಲಿ ಟೀಚರು. ಪ್ರತಿ ವರ್ಷ ಮಕ್ಕಳನ್ನು ಚಂದ್ರಗುತ್ತಿಗೆ ಕರೆದೊಯ್ಯುತ್ತೇವೆ. ಅವರೆಲ್ಲ ಬೆಟ್ಟ ಹತ್ತಿ ಕೋಟೆ ನೋಡುತ್ತಾರೆ, ನಾನು ಕೆಳಗೆ ಕೂತು ಚೀಲ ಕಾಯುತ್ತೇನೆ. ಹತ್ತಲು ನೋಡಿದಾಗಲೆಲ್ಲ ಚಪ್ಪಲಿ ಜಾರಿ ಹಿಂದೆ ಬಂದಿದ್ದೇನೆ. ತಮಾಷೆ ಏನು ಗೊತ್ತೇ? ಶಾಲೆಯಲ್ಲಿ ಆ ಕೋಟೆಯ ಪಾಠ ಮಾಡುವವಳು ನಾನೇ! ನೋಡದ ಕೋಟೆಯನ್ನು ಹದಿನಾರು ವರ್ಷದಿಂದ ಬಣ್ಣಿಸುತ್ತಿದ್ದೇನೆ. ಒಮ್ಮೆಯಾದರೂ ಹತ್ತಬೇಕೆಂಬ ಆಸೆಯನ್ನು ನಾನು ಹೇಳಿಕೊಂಡದ್ದು ಮಾವನ ಬಳಿ ಮಾತ್ರ.

ಮಾವ ಅಂಗಡಿಯ ಮುಂದೆ ಬೋರ್ಡು ಹಾಕಿಸಿದರು: "ಇಲ್ಲಿ ಒಂದೊಂದು ಕಾಲಿಗೂ ಶೂ ದೊರೆಯುತ್ತದೆ." ಮೆಕ್ಕೆಜೋಳ ಮಾರಲು ಮಂಡಿಗೆ ಬಂದಿದ್ದ ರೈತರೊಬ್ಬರು ಶೂ ಕೇಳಿದರು.

"ಯಾವ ಕಾಲಿಂದು ಸವೆದೈತ್ರಿ?"

"ಎರಡೂ ಕಾಲಿಗೆ ಬೇಕ್ರೀ."

"ವಿಚಾರ ಮಾಡ್ರಿ. ಒಂದೂ ಸಿಗ್ತತಿ."

"ದೇವರು ನಂಗೆ ಎರಡೂ ಕೊಟ್ಟಾನ್ರೀ!" ಎಂದವರೇ ಅವರು ಎದುರಿನ ಅಂಗಡಿಗೆ ಹೋದರು.

ಆಮೇಲೆ ಅಂಬ್ಲಿಗೊಳ ಜಲಾಶಯದ ಕಾಲುವೆಯ ಪ್ರಸಂಗ. ಅಮೆರಿಕದಲ್ಲಿ ಮಳೆ ಕೈಕೊಟ್ಟ ಒಂದು ವರ್ಷ ಈಜುಕೊಳಗಳೆಲ್ಲ ಖಾಲಿಯಾಗಿ, ಹಲಗೆಯವರು ಅವುಗಳೊಳಗಿನ ಸಿಮೆಂಟಿನ ಇಳಿಜಾರಿನಲ್ಲಿ ಆಟ ಕಲಿತರಂತೆ. ನೀರು ನಿಲ್ಲಿಸಿದ ಕಾಲುವೆಯನ್ನು ನೋಡಿದ ಮಾವನಿಗೆ ಮೈಯೆಲ್ಲ ರೋಮಾಂಚನ! ಗ್ಯಾಸ್ ಸಿಲಿಂಡರಿನ ಚಕ್ರದ ಗಾಡಿಗೆ ಹಲಗೆ ಬಡಿಸಿಕೊಂಡು ಹೋದರು. ಅರವತ್ತರ ಅಂಚಿನವರು ನಿಲ್ಲುತ್ತಾರೆಯೇ? ಕೂತರು. ಪಂಚೆ ಮೇಲೆ ಕಟ್ಟಿ, ಕಾಲಿಗೆ ಅಂಗಡಿಗೆಂದು ತರಿಸಿದ್ದ ಚೌಕದ ಶೂ ಹಾಕಿ, ಜರ್ರೆಂದು ಇಳಿದು ತಳದ ಕೆಸರಿನಲ್ಲಿ ಸೊಂಟದವರೆಗೂ ನಾಟಿಕೊಂಡರು. ಕಾಲುವೆಗೆ ನೀರು ಬಿಡುವ ನೀರುಗಂಟಿ ದಂಡೆಯ ಮೇಲೆ ಬಂದು ಕೇಳಿದ:

"ಏನ್ರೀ ಯಜಮಾನ್ರೇ, ಅಲ್ಲಿ ಏನ್ ಮಾಡ್ತಿದೀರಿ?"

"ಹಿಡಿತ ನೋಡ್ತಿದೀನಪ್ಪ. ಇಳಿಜಾರಲ್ಲಿ ಶೂ ಜಾರ್ತತೋ ಇಲ್ವೋ ಅಂತ."

"ಜಾರೈತಲ್ರೀ!"

"ಶೂ ಜಾರಿಲ್ಲ, ನಾನು ಜಾರಿದ್ದು!"

ಊರೆಲ್ಲ ನಕ್ಕಿತು. ಫೋನಿನಲ್ಲಿ ಕೇಳಿ ನಾನೂ ಹೊಟ್ಟೆ ಹಿಡಿದು ನಕ್ಕೆ. ಇಳಿಜಾರಿನ ಪರೀಕ್ಷೆ ಯಾರಿಗಾಗಿ ನಡೆದಿತ್ತೆಂದು ನನಗೆ ಹೊಳೆಯಲೇ ಇಲ್ಲ.

ಈ ವರ್ಷ ಪ್ರವಾಸದ ಹಿಂದಿನ ದಿನ ಮಾವ ಸೊರಬಕ್ಕೆ ಬಂದಿಳಿದರು. ಕಂಕುಳಲ್ಲಿ ಡಬ್ಬಿ. ತೆರೆದರೆ ಕಪ್ಪು ಬಿಳಿ ಚೌಕದ ಶೂ, ಬಲಗಾಲಿಗೆ ಆರು, ಎಡಗಾಲಿಗೆ ನಾಲ್ಕು. ಅವರೇ ನೆಲಕ್ಕೆ ಕೂತು ಲೇಸು ಬಿಗಿದರು. ನಾಚಿಕೆಯಿಂದ ನಾನು ಪಾದ ಹಿಂದಕ್ಕೆಳೆದರೆ ಗದರಿದರು: "ಸುಮ್ನೆ ಕೂರವ್ವ. ಊರೋರ ಕಾಲೆಲ್ಲ ಹಿಡಿದಾಗೈತೆ, ನಿಂದೇನು ದೊಡ್ಡದು?" ಎದ್ದು ನಿಂತೆ. ನಲವತ್ತೊಂದು ವರ್ಷದ ನನಗೆ, ಬುದ್ಧಿ ಬಂದಮೇಲೆ ಮೊದಲ ಸಲ, ಎರಡೂ ಪಾದ ಒಟ್ಟಿಗೆ ನೆಲ ಹಿಡಿದು ನಿಂತವು.

ಮರುದಿನ ಮಾವನೂ ನಮ್ಮೊಂದಿಗೆ ಹೊರಟರು. ಚಂದ್ರಗುತ್ತಿಯ ದೇವಸ್ಥಾನದ ಹೊರಗೆ ಶೂ ಬಿಡಲು ನಾನು ಅನುಮಾನಿಸಿದೆ. "ಬಿಡು, ಯಾರೂ ಕದಿಯಲ್ಲ. ಕದ್ದೋರಿಗೆ ಹೊಂದಬೇಕಲ್ಲ!" ಎಂದು ಮಾವ ಗಹಗಹಿಸಿ ನಕ್ಕರು. ದರ್ಶನ ಮುಗಿಸಿ, ಮತ್ತೆ ಲೇಸು ಕಟ್ಟಿ ಬೆಟ್ಟ ಹತ್ತಿದೆವು. ಮಾವ ಮಕ್ಕಳಿಗೆ ಕಂಪನಿಯ ಚರಿತ್ರೆ ಹೇಳುತ್ತ ಹತ್ತುತ್ತಿದ್ದರು. ಅರ್ಧಕ್ಕೆ ಉಸಿರು ಕಟ್ಟಿ ಚರಿತ್ರೆ ನಿಂತಿತು. ನಾನು ನಿಲ್ಲಲಿಲ್ಲ. ನಿಧಾನವಾಗಿ, ಬಂಡೆ ಹಿಡಿದು, ಎರಡು ಕಡೆ ಕೂತು, ಹತ್ತಿಯೇ ಬಿಟ್ಟೆ. ಮೇಲೆ ಮುರಿದ ಗೋಡೆಗಳು, ಹಾಯಾದ ಗಾಳಿ, ಕೆಳಗೆ ಎಲ್ಲಿ ನೋಡಿದರೂ ಹಸಿರು. ನಾನು ಪಾಠದಲ್ಲಿ ಹೇಳುತ್ತಿದ್ದುದರಲ್ಲಿ ಅರ್ಧ ತಪ್ಪು! ಮಕ್ಕಳ ಎದುರಿಗೇ ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ತಿಂಗಳ ಮೇಲೆ ಶಿಕಾರಿಪುರಕ್ಕೆ ಹೋಗಿದ್ದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ, ಎಲ್ಲಕ್ಕಿಂತ ಮೇಲೆ, ನನಗಾಗಿ ಒಡೆದ ಎರಡು ಜೋಡಿಗಳಲ್ಲಿ ಉಳಿದವು ಅಕ್ಕಪಕ್ಕ ಕೂತಿದ್ದವು. ಎಡಗಾಲಿನ ಆರು, ಬಲಗಾಲಿನ ನಾಲ್ಕು. ಧೂಳು ಕೂರದಂತೆ ಒರೆಸಿಟ್ಟಿದ್ದರು. ನಾನಿದ್ದಾಗಲೇ ಒಬ್ಬರು ಬಂದು, ಬೈಕಿನ ಗೇರು ತಾಗಿ ಹರಿದ ತಮ್ಮ ಎಡಗಾಲಿನ ಚೌಕದ ಶೂ ತೋರಿಸಿದರು.

"ಬೋರ್ಡು ನೋಡಿ ಬಂದೆ. ಆ ಎಡಗಾಲಿಂದು ಆರು ನಂಬರ್ ಕೊಡ್ರಿ."

ಎಷ್ಟೋ ದಿನಗಳ ಮೇಲೆ ಒಂಟಿ ಶೂ ಕೇಳಿಕೊಂಡು ಬಂದ ಗಿರಾಕಿ! ಮಾವ ಕುಣಿದಾಡುತ್ತಾರೆಂದುಕೊಂಡೆ. ಅವರು ತಲೆಯಾಡಿಸಿದರು.

"ಅದು ಮಾರೋದಲ್ರಿ. ಎಡಗಾಲು ದೊಡ್ಡದು, ಬಲಗಾಲು ಸಣ್ಣದು ಇರೋ ಹೆಣ್ಮಗಳೊಬ್ಬಳು ಎಲ್ಲೋ ಇರ್ತಾಳೆ. ಇವತ್ತಲ್ಲ ನಾಳೆ ಬರ್ತಾಳೆ. ಬಂದಾಗ ಇಲ್ಲ ಅನ್ಬೇಕಾ ನಾನು?"

"ಅಲ್ರೀ, ಒಂದು ದೊಡ್ಡದು, ಒಂದು ಸಣ್ಣದು. ಹೊಂದದೇ ಇರೋವು ಎರಡು ಬಿಡಿ ಶೂ ತಾನೇ?"

ನನ್ನ ಮಾವನಿಗೆ ಸಿಟ್ಟು ಬಂದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಯಾರ್ರೀ ಹೇಳಿದ್ದು ಬಿಡಿ ಅಂತ? ಸರಿಯಾಗಿ ನೋಡ್ರಿ, ಅದು ಜೋಡಿ!"