ಒದೆಯದೆ ಕೆಟ್ಟ ಕಾಲು

ರಮ್ಯಶ್ರೀಯನ್ನು ನಾನು ಮೊದಲು ನೋಡಿದ್ದು ಶಿರಾದಲ್ಲಿ, ಮಗ ಗೋಪಾಲನಿಗೆ ಹೆಣ್ಣು ನೋಡಲು ಹೋದ ದಿನ.

"ಮುದ್ದೆ ತಿರುವಕ್ಕೆ ಬರ್ತೈತಾ ಕಣಮ್ಮ?" ಎಂದೆ.

"ಬರಲ್ಲ. ನರ್ಸಿಂಗ್ ಓದ್ತಾ ಇದೀನಿ" ಎಂದಳು.

ಜೊತೆಗೆ ಬಂದಿದ್ದ ನಮ್ಮ ಓರಗಿತ್ತಿ ಮುದ್ದಕ್ಕ ಲೊಚಗುಟ್ಟಿದಳು. ನನಗೋ ಹಾಲು ಕುಡಿದಷ್ಟು ಸಂತೋಷ. ಯಜಮಾನರು ಹೋದ ಮೇಲೆ ನನಗೆ ಉಳಿದಿರುವ ರಾಜ್ಯವೆಂದರೆ ಅಡುಗೆಮನೆ ಒಂದೇ. ಒಲೆಯೇ ಸಿಂಹಾಸನ, ಸೌಟೇ ರಾಜದಂಡ. ಸೊಸೆ ಆಸ್ಪತ್ರೆ ಆಳಲಿ, ಇಲ್ಲಿ ನಾನು ಆಳುತ್ತೇನೆ (ಇದನ್ನು ಬಾಯಿಬಿಟ್ಟು ಹೇಳಲಿಲ್ಲ, "ಹುಡುಗಿ ಲಕ್ಷಣವಾಗವ್ಳೆ" ಎಂದಷ್ಟೇ ಅಂದೆ).

ಮದುವೆಯಾಗಿ ಮಧುಗಿರಿಗೆ ಬಂದ ಮಹಾರಾಣಿಯವರು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರು. ಓದಿದ್ದೆಲ್ಲ ಬಾಯಿಪಾಠ, ಎದುರಿಗೆ ಜೀವಂತ ಮನುಷ್ಯ ಕೂತರೆ ಬಾಯಿ ಕಟ್ಟಿಹೋಗುತ್ತಿತ್ತಂತೆ.

ಗೋಪಾಲ ರೇಗಿದ: "ಇನ್ನೊಂದ್ಸಲ ಫೇಲಾದ್ರೆ ಕಾಲೇಜ್ ಬುಟ್ಬುಟ್ಟು ಮನೇಲಿ ಅಡುಗೆ ಮಾಡ್ಕಂಡಿರ್ಲಿ!"

ಅವಳು ಅಡುಗೆ ಮಾಡಿದರೆ ನಾನೇನು ಮಾಡಲಿ? "ಬಾರಮ್ಮ, ನನ್ನ ಮೈಮೇಲೇ ಕಲ್ತ್ಕೋ" ಎಂದೆ.

ಅಂದಿನಿಂದ ನಾನೇ ಅವಳ ಪಠ್ಯಪುಸ್ತಕ. ಎದೆಗೆ ತಣ್ಣನೆಯ ಬಿಲ್ಲೆ ಇಟ್ಟು ಹೃದಯ ಕೇಳುವಳು, ಬೆನ್ನಿಗಿಟ್ಟು ಶ್ವಾಸಕೋಶ ಕೇಳುವಳು. ಆಮೇಲೆ ನರಮಂಡಲ. (ಮಂಡಲ ಪಂಚಾಯ್ತಿ ನೋಡಿದ್ದೆ, ನರಗಳಿಗೂ ಒಂದು ಮಂಡಲವಿರುವುದು ಗೊತ್ತಿರಲಿಲ್ಲ.) ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಮಂಡಿಚಿಪ್ಪಿನ ಕೆಳಗೆ ಟಕ್ ಎಂದು ಹೊಡೆದರೆ, ಕಾಲು ನನ್ನನ್ನು ಕೇಳದೆಯೇ ಎಗರಿ ಅವಳಿಗೆ ಒದೆಯುತ್ತಿತ್ತು.

"ಸೂಪರ್ ಅತ್ತೆ!" ಎನ್ನುವಳು. ಸೊಸೆಗೆ ಒದ್ದು ಶಭಾಸ್ ಅನ್ನಿಸಿಕೊಂಡ ಅತ್ತೆ ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಪರೀಕ್ಷೆಗೆ ಮನೆಯಿಂದ ಒಬ್ಬೊಬ್ಬರನ್ನು ಕರೆತರಲು ಹೇಳಿದ್ದರು. ನಾನೇ ಹೋದೆ. ತುಮಕೂರಿನಿಂದ ಬಂದಿದ್ದ ನಾಗರತ್ನಮ್ಮ ಮೇಡಂ ಸ್ಟೂಲ್ ಎಳೆದುಕೊಂಡು ನನ್ನ ಕಾಲಿನ ಎದುರಿಗೇ ಕೂತರು. ಹಣೆ ತುಂಬ ಕುಂಕುಮ, ದೊಡ್ಡ ಕನ್ನಡಕ.

"ಜೋರಾಗಿ ಉಸಿರು ಎಳ್ಕೊಳಿ" ಎಂದರು. ಎಳೆದುಕೊಂಡೆ. ಬಿಡಿ ಎನ್ನಲಿಲ್ಲ. ದೊಡ್ಡವರು ಹೇಳದೆ, ಅದೂ ಬೆಳ್ಳುಳ್ಳಿ ಖಾರ ತಿಂದ ಬಾಯಿಂದ, ಅವರ ಮುಖಕ್ಕೆ ಉಸಿರು ಬಿಡುವುದು ಮರ್ಯಾದೆಯೇ? ಬಾಯಿಗೆ ಸೆರಗು ಮುಚ್ಚಿ ಹಿಡಿದುಕೊಂಡೆ. ರಮ್ಯಶ್ರೀ ಬಿಲ್ಲೆ ಇಟ್ಟು ಕೇಳುವಷ್ಟರಲ್ಲಿ ಎದೆ ನಗಾರಿಯಾಯಿತು. ಅಷ್ಟರಲ್ಲಿ ಸುತ್ತಿಗೆ ಬಂತು. ಸೊಸೆ ಚಿಕ್ಕವಳು, ಒದ್ದರೂ ದೋಷವಿಲ್ಲ; ಓದಿದ ಮುತ್ತೈದೆಗೆ ಕಾಲು ತಾಗಿಸಿದರೆ ಯಾವ ನರಕಕ್ಕೆ ಹೋಗಲಿ? ಹಲ್ಲು ಕಚ್ಚಿ ಕಾಲು ಬಿಗಿಹಿಡಿದೆ. ರಮ್ಯಶ್ರೀ ಹೊಡೆದಳು, ಮೇಡಂ ತಾವೇ ಹೊಡೆದು ನೋಡಿದರು. ಕಾಲು ಕಲ್ಲುಗುಂಡು.

ಮುಗಿಯಿತು, ಹುಡುಗಿ ಫೇಲು ಎಂದುಕೊಂಡೆ. ಆದರೆ ಎಂದೂ ಬಾಯಿಬಿಡದವಳು ಅಂದು ಪಟಪಟನೆ ಹೇಳಿದಳು: "ಮೇಡಂ, ಎದೆಬಡಿತ ಜಾಸ್ತಿ ಐತೆ, ಉಸಿರಾಟ ಸರಿಯಿಲ್ಲ, ಮಂಡಿ ಎಗರ್ತಾನೇ ಇಲ್ಲ."

"ವೆರಿ ಗುಡ್! ಮಿಕ್ಕೋರೆಲ್ಲ ಪೇಷೆಂಟನ್ನ ಮುಟ್ಟೋಕೆ ಮುಂಚೇನೇ ನಾರ್ಮಲ್ ಅಂತ ಬರೆದಿಟ್ಟಿದ್ದಾರೆ. ನೋಡಿ ಹೇಳಿದ್ದು ನೀನೊಬ್ಳೇ."

"ಅಯ್ಯೋ, ನಾನೇ ಹಿಡ್ಕಂಡಿದ್ದೆ ಕಣ್ರಮ್ಮಾ! ಈಗ ಒದೀತೀನಿ ನೋಡಿ" ಎಂದು ಗಾಳಿಗೆ ಒದ್ದು ತೋರಿಸಿದೆ.

ಮೇಡಂ ಹುಡುಗಿಯರ ಕಡೆ ತಿರುಗಿದರು. "ನೋಡ್ರಮ್ಮ, ಕಾಯಿಲೆ ಒಪ್ಕೊಳ್ಳದೇ ಇರೋದೂ ಒಂದು ಲಕ್ಷಣ." ಆಮೇಲೆ ರಮ್ಯಶ್ರೀಗೆ: "ಡಾಕ್ಟ್ರಿಗೆ ತೋರಿಸು. ಇವರನ್ನ ಒಲೆ ಮುಂದೆ ನಿಲ್ಲಿಸ್ಬೇಡ. ಊಟಕ್ಕೆ ಉಪ್ಪು ಕಡಿಮೆ ಮಾಡು."

ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಗೋಪಾಲ ನಂಬಿದ್ದು ಮೇಡಂ ಮಾತನ್ನು: "ಅಷ್ಟು ದೂರದಿಂದ ಬಂದೋರು ಸುಳ್ಳು ಹೇಳ್ತಾರಾ? ಸುಮ್ನೆ ಕೂತ್ಕಳಮ್ಮ."

ರಮ್ಯಶ್ರೀ ಪಾಸಾದಳು. ಕೆಲಸ ಇನ್ನೂ ಸಿಕ್ಕಿಲ್ಲ. ನರ್ಸಮ್ಮನಿಗೆ ಸದ್ಯಕ್ಕೊಬ್ಬ ರೋಗಿ ಬೇಕಲ್ಲ, ಮನೆಯಲ್ಲೇ ಸಿಕ್ಕಿದ್ದೇನೆ.

ಒಂದು ದಿನ ಹಿಡಿದು ಕೇಳಿಯೇಬಿಟ್ಟೆ: "ನನ್ ಕಾಲು ಎಗರೋದು ನಿಂಗೆ ಗೊತ್ತಿತ್ತಲ್ಲೇ?"

"ಗೊತ್ತಿತ್ತು ಅತ್ತೆ. ನಿಮ್ಮಿಂದ್ಲೇ ಪಾಸಾಗಿದ್ದು. ಅದ್ಕೇ ನಿಮ್ಗೆ ರೆಸ್ಟು" ಎಂದು ನಕ್ಕು, ನನ್ನ ಕೈಯಿಂದ ಸೌಟು ಇಸಿದುಕೊಂಡಳು.

ಈಗ ನಾನು ಜಗುಲಿಯ ಮೇಲೆ ಸಪ್ಪೆ ಸಾರಿನ ತಟ್ಟೆ ಇಟ್ಟುಕೊಂಡು ಕೂತಿದ್ದೇನೆ. ಒಳಗೆ ಒಗ್ಗರಣೆ ಚಟಪಟ ಎನ್ನುತ್ತಿದೆ. ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತಡಕಾಡುವ ಸದ್ದು. ಆಮೇಲೆ ಕೂಗಿದಳು:

"ಅತ್ತೆ, ಉಪ್ಪು ಎಲ್ಲಿಟ್ಟಿದೀರಾ? ನಿಮ್ಗಲ್ಲ, ನಮ್ಗೆ!"